ಕೊಡುವವರು, ಕೊಳ್ಳುವವರು, ನಡುವಿನವರು: ಮಂಗಳೂರು, ಉಡುಪಿಯಲ್ಲಿ ಯಾರು ಯಾರು ಅಂತ ಗುರುತಿಸುವುದು ಹೇಗೆ

ನಮ್ಮಲ್ಲಿ ಏನು ಮಾರಿದರೂ ಅವರು ವ್ಯಾಪಾರಿ. ಬಂದರಿನ ಗೋದಾಮಿನಲ್ಲಿ ಕಾಳುಮೆಣಸಿನ ಗೋಣಿ ಲೋಡ್ ಮಾಡಿಸುವವರೂ ವ್ಯಾಪಾರಿ, ಮಲ್ಪೆಯಿಂದ ಬುಟ್ಟಿ ಹೊತ್ತು ಮನೆ ಮನೆಗೆ ಬಂಗುಡೆ ತರುವ ಅಕ್ಕನೂ ವ್ಯಾಪಾರಿ, ರಾತ್ರಿ ಫೋನ್ ಮಾಡಿ "ಒಂದು ಲೋಡ್ ಹೊಯಿಗೆ (ಮರಳು) ಬೇಕಾ" ಅಂತ ಕೇಳುವವನೂ ವ್ಯಾಪಾರಿ. ಮಾತಾಡುವಾಗ ಇದು ಸರಿ. ಹಣ ಕೊಡುವಾಗ ಸಾಲದು. ಮಾಲು ಹಾಳಾಗಿದ್ದರೆ ಯಾರನ್ನು ಕೇಳಬೇಕು, ಹಣ ಬಾರದಿದ್ದರೆ ಯಾರ ಬಾಗಿಲಿಗೆ ಹೋಗಬೇಕು, ನಾಳೆ ಪೊಲೀಸರು ಬಂದರೆ ಯಾರ ಹೆಸರು ಹೇಳಬೇಕು, ಇದೆಲ್ಲ ಎದುರಿಗಿರುವವರು ನಿಜವಾಗಿ ಯಾರು ಅನ್ನುವುದರ ಮೇಲೆ ನಿಂತಿದೆ.

ಅದನ್ನು ತಿಳಿಯಲು ಮೂರು ಪ್ರಶ್ನೆ ಸಾಕು. ಮಾಲು ಯಾರದ್ದು? ಹಣ ಯಾರ ಕೈಗೆ ಹೋಗುತ್ತದೆ? ಚೀಟಿ ಯಾರ ಹೆಸರಲ್ಲಿ ಬರುತ್ತದೆ? ಮೂರಕ್ಕೂ ಒಂದೇ ಉತ್ತರ ಬಂದರೆ ನೀವು ನಿಜವಾದ ಮಾರಾಟಗಾರರ ಎದುರು ನಿಂತಿದ್ದೀರಿ. ಒಂದಕ್ಕೊಂದು ಹೊಂದದಿದ್ದರೆ ನಡುವೆ ಯಾರೋ ಇದ್ದಾರೆ. ನಡುವೆ ಇರುವುದು ತಪ್ಪೇನಲ್ಲ, ಆದರೆ ಅದು ನಿಮಗೆ ಗೊತ್ತಿರಬೇಕು. ಮೂರಕ್ಕೂ ಉತ್ತರವೇ ಬಾರದಿದ್ದರೆ ಅಲ್ಲಿಂದ ಹೊರಡಿ.

ಮೊದಲು ನಡುವಿನವರ ವಿಷಯ

ಜನ ಜಾಸ್ತಿ ಎಡವುವುದು ಇಲ್ಲೇ. ದಲ್ಲಾಳಿ ಅಥವಾ ಬ್ರೋಕರ್ ಅಂದರೆ ಮಾಲು ಮುಟ್ಟದವರು. ನಿಮ್ಮನ್ನೂ ಮಾರುವವರನ್ನೂ ಸೇರಿಸುತ್ತಾರೆ, ಕಮಿಷನ್ ತೆಗೆದುಕೊಳ್ಳುತ್ತಾರೆ, ಹೋಗುತ್ತಾರೆ. ಮಾಲು ಕೆಟ್ಟರೆ ಸಾಮಾನ್ಯವಾಗಿ ಅವರು ಹೊಣೆ ಹೊರುವುದಿಲ್ಲ. ಕಮಿಷನ್ ಏಜೆಂಟ್ ಬೇರೆ. ಬೆಳೆದವರ ಅಥವಾ ಹಿಡಿದವರ ಮಾಲನ್ನು ತನ್ನ ಜಾಗದಲ್ಲಿ ಇಳಿಸಿಕೊಂಡು, ಅವರ ಪರವಾಗಿ ಮಾರಿ, ತನ್ನ ಪಾಲು ಕಳೆದು ಉಳಿದದ್ದನ್ನು ಕೊಡುವವರು ಅವರು. ಮಾಲು ಅವರ ಕೈಯಲ್ಲಿದೆ, ಆದರೆ ಅವರದ್ದಲ್ಲ. ಡಿಸ್ಟ್ರಿಬ್ಯೂಟರ್, ಸ್ಟಾಕಿಸ್ಟ್ ಅನ್ನುವವರು ಕಂಪನಿಯಿಂದ ತಮ್ಮ ಹಣ ಹಾಕಿ ಕೊಂಡು ನಿಮಗೆ ಮಾರುತ್ತಾರೆ. ಅಲ್ಲಿ ಲಾಭವೂ ಅವರದ್ದೇ, ನಷ್ಟವೂ ಅವರದ್ದೇ.

"ನಾನು ಏಜೆಂಟ್" ಅಂತ ಯಾರಾದರೂ ಹೇಳಿದರೆ ಸುಮ್ನೆ ತಲೆ ಅಲ್ಲಾಡಿಸಬೇಡಿ. "ಯಾರ ಏಜೆಂಟ್? ಕಮಿಷನ್ ಯಾರು ಕೊಡುತ್ತಾರೆ, ಅವರಾ ನಾನಾ?" ಅಂತ ಕೇಳಿ. ಎರಡೂ ಕಡೆಯಿಂದ ತೆಗೆದುಕೊಳ್ಳುವವರು ಇದ್ದಾರೆ. ಮೊದಲೇ ಗೊತ್ತಿದ್ದರೆ ಅದರಲ್ಲಿ ಜಗಳವಿಲ್ಲ. ಜಾಗ, ಬಾಡಿಗೆ ಮನೆ, ಹಳೆ ಕಾರು, ಎಲ್ಲದಕ್ಕೂ ಇದೇ ಪ್ರಶ್ನೆ. ದಲ್ಲಾಳಿ ಅನ್ನುವ ಮಾತನ್ನು ಬೈಗುಳದ ಹಾಗೆ ಬಳಸುವ ಅಭ್ಯಾಸ ಬಂದುಬಿಟ್ಟಿದೆ, ಅದು ನನಗೆ ಇಷ್ಟವಿಲ್ಲ. ಒಳ್ಳೆಯ ದಲ್ಲಾಳಿಗೆ ಯಾವ ಮಾಲು ಎಲ್ಲಿದೆ, ಯಾರ ಮಾತು ನಂಬಬಹುದು, ಯಾರು ಹಣ ಎಳೆದಾಡಿಸುತ್ತಾರೆ ಅಂತ ಪೂರ್ತಿ ಗೊತ್ತಿರುತ್ತದೆ. ಆ ತಿಳಿವಳಿಕೆಗೆ ಕೊಡುವ ಕೂಲಿ ಅದು.

ಈಗ ಇನ್ನೊಂದು ಸುಲಭದ ಗುರುತು ಉಂಟು. ಹಣ ಕಳಿಸಲು ಸ್ಕ್ಯಾನ್ ಮಾಡಿದಾಗ ಫೋನಿನಲ್ಲಿ ಬರುವ ಹೆಸರು. ಬೋರ್ಡಿನಲ್ಲಿ ಒಂದು ಹೆಸರು, ಫೋನಿನಲ್ಲಿ ಇನ್ನೊಂದು ಹೆಸರು ಬಂದರೆ ಕೇಳಿ. "ಅದು ನಮ್ಮ ತಮ್ಮನದ್ದು" ಅನ್ನುವ ಉತ್ತರ ಚಿಲ್ಲರೆ ಅಂಗಡಿಯಲ್ಲಿ ಪರವಾಗಿಲ್ಲ. ದೊಡ್ಡ ಮೊತ್ತಕ್ಕೆ ಆ ಉತ್ತರ ನಡೆಯುವುದಿಲ್ಲ.

ದಕ್ಕೆಯಲ್ಲಿ

ಮೀನಿನ ವ್ಯಾಪಾರ ಅರ್ಥವಾದರೆ ಉಳಿದ ವ್ಯಾಪಾರ ಅರ್ಧ ಅರ್ಥವಾದ ಹಾಗೆ. ಮಂಗಳೂರಿನ ದಕ್ಕೆಗೋ ಮಲ್ಪೆ ಬಂದರಿಗೋ ಬೆಳಕು ಹರಿಯುವ ಹೊತ್ತಿಗೆ ಹೋಗಿ ನೋಡಿ. ಬೋಟಿನ ಮಾಲಕರು ಒಬ್ಬರು, ಬೋಟು ನಡೆಸುವ ತಂಡೇಲ ಇನ್ನೊಬ್ಬರು, ಏಲಂ ಕೂಗುವವರು ಮತ್ತೊಬ್ಬರು. ಮೀನು ನೆಲಕ್ಕೆ ಬಿದ್ದ ಕೂಡಲೇ ಸುತ್ತ ಜನ ಸೇರುತ್ತಾರೆ. ಏಲಂ ಕೂಗುವವರು ಒಂದು ಮೊತ್ತ ಹೇಳಿ ಶುರು ಮಾಡುತ್ತಾರೆ, ಯಾರೋ ಕೈ ಎತ್ತುತ್ತಾರೆ, ಯಾರೋ ಬರೀ ಗಲ್ಲ ಅಲ್ಲಾಡಿಸುತ್ತಾರೆ, ಹೊಸಬರಿಗೆ ಏನಾಯಿತು ಅಂತ ತಿಳಿಯುವ ಮೊದಲೇ ರಾಶಿ ಮಾರಾಟವಾಗಿ ಮುಂದಿನ ರಾಶಿಗೆ ಹೋಗಿರುತ್ತಾರೆ. ಸುತ್ತ ನಿಂತವರಲ್ಲಿ ಎಲ್ಲರೂ ಇರುತ್ತಾರೆ: ಕೇರಳಕ್ಕೆ ಲಾರಿ ಕಳಿಸುವವರು, ಬೊಂಡಾಸ್ (ಸ್ಕ್ವಿಡ್) ಮತ್ತು ಸಿಗಡಿಯನ್ನು ಎಕ್ಸ್‌ಪೋರ್ಟ್ ಕಂಪನಿಗೆ ಹಿಡಿಯುವವರು, ಫಿಶ್‌ಮೀಲ್ ಕಾರ್ಖಾನೆಗೆ ರಾಶಿಗಟ್ಟಲೆ ಎತ್ತುವವರು, ಹೋಟೆಲಿನವರು. ಇವರ ನಡುವೆ ತಮ್ಮ ಬುಟ್ಟಿಗೆ ಬೇಕಾದಷ್ಟನ್ನು ಕೊಳ್ಳುವ ಹೆಂಗಸರು.

ಆ ಹೆಂಗಸರು ಏಜೆಂಟರಲ್ಲ, ಯಾರ ಕೆಲಸದವರೂ ಅಲ್ಲ. ಬೆಳಿಗ್ಗೆ ತಮ್ಮ ಹಣ ಅಥವಾ ಸಾಲದ ಹಣ ಹಾಕಿ ಮೀನು ಕೊಂಡು, ಐಸಿನ ಖರ್ಚು, ರಿಕ್ಷಾದ ಬಾಡಿಗೆ ಸೇರಿಸಿ, ಸಂಜೆಯೊಳಗೆ ಮಾರಲೇಬೇಕು. ಮಾರದೆ ಉಳಿದರೆ ನಷ್ಟ ಪೂರ್ತಿ ಅವರದ್ದು. ಮೊಗವೀರ ಹೆಂಗಸರು ತಲೆತಲಾಂತರದಿಂದ ಈ ವ್ಯಾಪಾರ ಮಾಡುತ್ತಾ ಬಂದಿದ್ದಾರೆ. ಇಷ್ಟು ದೊಡ್ಡ ರಿಸ್ಕ್ ತೆಗೆದುಕೊಳ್ಳುವವರನ್ನು "ಮೀನಿನವಳು" ಅಂತ ಏಕವಚನದಲ್ಲಿ ಕರೆಯುವುದನ್ನು ಬಿಡಬೇಕು. ಅಕ್ಕ ಅನ್ನಿ, ಸಾಕು.

ಅವರ ಹತ್ತಿರ ಚೌಕಾಸಿ ಮಾಡುವ ಮೊದಲು ಕೇಳಬೇಕಾದ್ದು ರೇಟಲ್ಲ. "ಇದು ಯಾವ ಮೀನು ಅಕ್ಕ, ಬೋಟಿನದ್ದಾ, ನಾಡದೋಣಿಯದ್ದಾ, ಹೊರಗಿನಿಂದ ಬಂದದ್ದಾ?" ಅಂತ ಕೇಳಿ. ಉತ್ತರದಲ್ಲಿ ಎಲ್ಲ ಉಂಟು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆಗ ಸಿಗುವ ತಾಜಾ ಮೀನು ಹೆಚ್ಚಾಗಿ ನಾಡದೋಣಿಯದ್ದು, ಅದಕ್ಕೆ ರೇಟು ಜಾಸ್ತಿ. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಹಾಗಾಗಿ ಜೂನ್ ನಡುವಿನಿಂದ ಆ ಕಡೆಯ ಮೀನು ಐಸಿನಲ್ಲಿ ಲಾರಿ ಹತ್ತಿ ಇಲ್ಲಿಗೆ ಬರುತ್ತದೆ. ಕೆಟ್ಟದ್ದು ಅಂತಲ್ಲ, ಆದರೆ ಅದಕ್ಕೆ ನಾಡದೋಣಿಯ ರೇಟು ಕೊಡಬೇಕಾಗಿಲ್ಲ. ಕಿವಿರು ಎತ್ತಿ ನೋಡಿ, ಕಣ್ಣು ನೋಡಿ. ಗೊತ್ತಿದ್ದು ಕೇಳುವ ಗಿರಾಕಿಗೆ ಅಕ್ಕಂದಿರು ಸುಳ್ಳು ಹೇಳುವುದು ಕಮ್ಮಿ, ಯಾಕೆಂದರೆ ನಾಳೆಯೂ ನೀವು ಬರಬೇಕಲ್ಲ.

ದಕ್ಕೆಯಲ್ಲಿ ಇನ್ನೊಂದು ಕಟ್ಟು ಉಂಟು, ಹೊರಗಿನವರಿಗೆ ಕಾಣುವುದಿಲ್ಲ. ಕೆಲವು ಕಮಿಷನ್ ಏಜೆಂಟರು ಬೋಟಿಗೆ ಡೀಸೆಲ್, ಬಲೆ, ರಿಪೇರಿಗೆ ಮುಂಗಡ ಕೊಟ್ಟಿರುತ್ತಾರೆ. ಮುಂಗಡ ತೀರುವವರೆಗೆ ಆ ಬೋಟಿನ ಮೀನು ಅವರ ಮೂಲಕವೇ ಹೋಗಬೇಕು. ಹೊಸದಾಗಿ ಮೀನಿನ ವ್ಯಾಪಾರಕ್ಕೆ ಇಳಿಯುವವರು ನೇರ ಬೋಟಿನವರ ಹತ್ತಿರ ಹೋಗಿ "ನನಗೆ ಕೊಡಿ, ಎರಡು ರೂಪಾಯಿ ಜಾಸ್ತಿ ಕೊಡುತ್ತೇನೆ" ಅಂದರೂ ಅವರು ಕೊಡದಿರುವುದು ಇದೇ ಕಾರಣಕ್ಕೆ. ಕೋಪ ಮಾಡಿಕೊಳ್ಳಬೇಡಿ. ಏಜೆಂಟರ ಹತ್ತಿರ ಖಾತೆ ಮಾಡಿಕೊಳ್ಳಿ.

ಅಡಿಕೆ ಮಾರುವವರಿಗೆ

ಇಲ್ಲಿ ನೀವು ಮಾರುವವರು, ಎದುರಿಗಿರುವವರು ಕೊಳ್ಳುವವರು. ಅಂಗಡಿಗೆ ಹೋದಾಗ ಅವರು ಗೋಣಿಯ ಮೇಲಿನ ಅಡಿಕೆಯನ್ನು ನೋಡುವುದೇ ಇಲ್ಲ. ಕೈ ಮೊಣಕೈವರೆಗೆ ಒಳಗೆ ಇಳಿಯುತ್ತದೆ, ತಳದಿಂದ ಒಂದು ಮುಷ್ಟಿ ಮೇಲೆ ಬರುತ್ತದೆ. ಅಂಗೈಯಲ್ಲೇ ಆಡಿಸಿ ಸದ್ದು ಕೇಳುತ್ತಾರೆ. ಒಂದೆರಡನ್ನು ಕತ್ತಿಯಲ್ಲಿ ಸೀಳಿ ಒಳಗಿನ ಬಣ್ಣ ನೋಡುತ್ತಾರೆ. ಆಮೇಲೆ ಬಾಯಿಬಿಡುತ್ತಾರೆ: ಇಷ್ಟು ಚಾಲಿ, ಇಷ್ಟು ಪಟೋರ, ಇಷ್ಟು ಉಳ್ಳಿಗಡ್ಡೆ, ಇಷ್ಟು ಕರಿಗೋಟು. ಇವೆಲ್ಲ ಅಡಿಕೆಯ ದರ್ಜೆಗಳು, ಒಂದೊಂದಕ್ಕೂ ಒಂದೊಂದು ರೇಟು. ಹೊಸ ಅಡಿಕೆಗೆ ಒಂದು, ಹಳೆಯದಕ್ಕೆ ಇನ್ನೊಂದು. ಗೋಣಿಯ ಒಟ್ಟು ತೂಕಕ್ಕಿಂತ ಈ ವಿಂಗಡಣೆಯಲ್ಲೇ ನಿಮ್ಮ ಹಣ ಹೆಚ್ಚು ಕಮ್ಮಿ ಆಗುವುದು. ಆದ್ದರಿಂದ ಮನೆಯಲ್ಲೇ ಆರಿಸಿ, ಬೇರೆ ಬೇರೆ ಗೋಣಿ ಕಟ್ಟಿ, ಒಯ್ಯಿರಿ. ಎಲ್ಲ ಕಲಸಿ ಒಯ್ದರೆ ಆರಿಸುವ ಹಕ್ಕನ್ನು ಅವರ ಕೈಗೆ ಕೊಟ್ಟ ಹಾಗೆ.

ವಿಟ್ಲ, ಸುಳ್ಯ, ಬೆಳ್ತಂಗಡಿ ಪೇಟೆಯ ಅಡಿಕೆ ವ್ಯಾಪಾರಿ ಕೊಂಡದ್ದು ಅಲ್ಲೇ ಉಳಿಯುವುದಿಲ್ಲ. ಪುತ್ತೂರು, ಮಂಗಳೂರಿನ ಗಾರ್ಬಲ್‌ಗೆ ಹೋಗುತ್ತದೆ. ಅಲ್ಲಿ ಮತ್ತೆ ಆರಿಸಿ, ಗಾತ್ರ ನೋಡಿ ಬೇರೆ ಮಾಡಿ, ಗುಜರಾತ್ ಮತ್ತು ಉತ್ತರದ ಕಡೆಗೆ ಲಾರಿ ಹತ್ತಿಸುತ್ತಾರೆ. ಹಾಗಾಗಿ ಊರಿನ ವ್ಯಾಪಾರಿ ಹೇಳುವ ರೇಟು ಅವರೇ ಕೂತು ನಿರ್ಧರಿಸಿದ್ದಲ್ಲ, ಮೇಲಿನವರು ಆ ದಿನ ಕೊಡುವುದರಲ್ಲಿ ತಮ್ಮ ಖರ್ಚು ಕಳೆದದ್ದು. ಬೇರೆ ದಾರಿ ಕ್ಯಾಂಪ್ಕೋ. 1970ರ ದಶಕದ ಆರಂಭದಲ್ಲಿ ಅಡಿಕೆ ಬೆಲೆ ನೆಲಕಚ್ಚಿದಾಗ, ಕರ್ನಾಟಕ ಮತ್ತು ಕೇರಳದ ಬೆಳೆಗಾರರಿಗಾಗಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರಲ್ಲಿ ಹುಟ್ಟಿದ ಸಹಕಾರಿ ಸಂಸ್ಥೆ ಅದು, ಕಚೇರಿ ಮಂಗಳೂರಿನಲ್ಲೇ. ನೀವು ಯಾರಿಗೇ ಮಾರಿ, ಹೊರಡುವ ಮೊದಲು ಅವತ್ತಿನ ಕ್ಯಾಂಪ್ಕೋ ರೇಟು ನೋಡಿಕೊಂಡು ಹೊರಡಿ.

ಈಗ ಮುಖ್ಯವಾದ ಮಾತು. ನಮ್ಮಲ್ಲಿ ರೇಟು ಏರುತ್ತದೆ ಅಂತ ಕಾಯುವವರು ಅಡಿಕೆಯನ್ನು ವ್ಯಾಪಾರಿಯ ಹತ್ತಿರ ಇಟ್ಟು ಬರುವ ಕ್ರಮ ಉಂಟು. ಬೇಕಾದಾಗ ರೇಟು ಮುರಿದು ಹಣ ತೆಗೆದುಕೊಳ್ಳುವುದು. ನಂಬಿಕೆಯ ಮೇಲೆ ನಡೆಯುತ್ತದೆ, ಹೆಚ್ಚಿನ ಸಲ ಚೆನ್ನಾಗಿಯೇ ನಡೆಯುತ್ತದೆ. ಆದರೆ ಅಂಗಡಿ ಮುಚ್ಚಿದ ದಿನ ಆ ಅಡಿಕೆ ಯಾರದ್ದು? ನೀವು ಮಾರಿದ್ದಾ, ಇಟ್ಟದ್ದಾ? ಮಾರಿದ್ದಾದರೆ ನೀವು ಸಾಲ ಕೊಟ್ಟವರ ಸಾಲಿನಲ್ಲಿ ಒಬ್ಬರು. ಇಟ್ಟದ್ದಾದರೆ ಮಾಲು ಇನ್ನೂ ನಿಮ್ಮದು. ಈ ವ್ಯತ್ಯಾಸವನ್ನು ತೋರಿಸಲು ಕಾಗದ ಬೇಕು. ಒಂದು ಚೀಟಿಯಲ್ಲಿ ತಾರೀಕು, ತೂಕ, ಯಾವ ಅಡಿಕೆ ಎಷ್ಟು, "ದಾಸ್ತಾನಿಗೆ ಇಟ್ಟದ್ದು, ರೇಟು ಆಗಿಲ್ಲ" ಅನ್ನುವ ಒಂದು ಸಾಲು, ಅವರ ಸಹಿ. ಇಷ್ಟು ಕೇಳಿದರೆ ಯಾವ ಒಳ್ಳೆಯ ವ್ಯಾಪಾರಿಗೂ ಬೇಜಾರಾಗುವುದಿಲ್ಲ. ಅಜ್ಜನ ಕಾಲದಿಂದ ವ್ಯವಹಾರ ಅಂತ ನಾಚಿಕೆಪಟ್ಟು ಕೇಳದೆ ಇರುವವರನ್ನು ನೋಡಿದರೆ ನಿಜಕ್ಕೂ ಸಂಕಟವಾಗುತ್ತದೆ.

ಇದೇ ಅಡಿಕೆಯಲ್ಲಿ ಕಳ್ಳದಾರಿಯೂ ಉಂಟು. ಹೊರದೇಶದ ಅಡಿಕೆಗೆ ಶೇ. 100ರ ಸುಂಕ ಉಂಟು, 2023ರ ಫೆಬ್ರವರಿಯಲ್ಲಿ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದರು. ಅದನ್ನು ತಪ್ಪಿಸಿ ಮ್ಯಾನ್ಮಾರ್ ಗಡಿಯಿಂದಲೋ ಕಂಟೇನರಿನಲ್ಲಿ ಬೇರೆ ಹೆಸರಿನಲ್ಲೋ ಒಳಗೆ ತರುವವರೇ ಕಳ್ಳಸಾಗಣೆದಾರರು. ಸುಂಕ ಕಟ್ಟಿ ತರುವವರು ಆಮದುದಾರರು. ನಮಗೆ ಇಬ್ಬರ ಮೇಲೂ ಸಿಟ್ಟಿರಬಹುದು, ಬೆಲೆ ಬೀಳುತ್ತದಲ್ಲ. ಆದರೂ ಇಬ್ಬರೂ ಒಂದೇ ಅಲ್ಲ.

ಅಂಗಡಿ, ಲೈನ್ ಸೇಲ್, ಬೀದಿ

ಬಂದರಿನ ಓಣಿಗಳಲ್ಲಿ ಸಗಟು ವ್ಯಾಪಾರಿಗಳು, ಊರಿನಲ್ಲಿ ಜೀನಸಿನ ಅಂಗಡಿ, ರಸ್ತೆ ಬದಿಯಲ್ಲಿ ಗೂಡಂಗಡಿ. ಇವರ ನಡುವೆ ಓಡಾಡುವ ಟೆಂಪೋದವರು ಲೈನ್ ಸೇಲಿನವರು. ಹೊಸದಾಗಿ ಅಂಗಡಿ ಇಟ್ಟವರು ಲೈನ್ ಸೇಲಿನ ಹುಡುಗ ಕಂಪನಿಯವನಾ, ಡಿಸ್ಟ್ರಿಬ್ಯೂಟರ್ ಕಡೆಯವನಾ, ತಾನೇ ಸಗಟಿನಲ್ಲಿ ಕೊಂಡು ಮಾರುವವನಾ ಅಂತ ಮೊದಲ ದಿನವೇ ಕೇಳಬೇಕು. ಡೇಟ್ ಮುಗಿದ ಮಾಲನ್ನು ವಾಪಸ್ ತೆಗೆದುಕೊಳ್ಳುತ್ತಾರಾ ಇಲ್ಲವಾ ಅನ್ನುವುದು ಅದರ ಮೇಲೆ ಹೋಗುತ್ತದೆ.

ಬಿಲ್ಲನ್ನು ಓದಲು ಕಲಿಯಿರಿ. ಜಿಎಸ್‌ಟಿ ನಂಬರಿನಲ್ಲಿ 15 ಅಕ್ಷರ ಮತ್ತು ಅಂಕಿ ಇರುತ್ತವೆ. ಕರ್ನಾಟಕದ್ದು 29ರಿಂದ ಶುರು, ಆಮೇಲಿನ ಹತ್ತು ಅವರ ಪಾನ್ ನಂಬರ್. ಜಿಎಸ್‌ಟಿ ಪೋರ್ಟಲಿನಲ್ಲಿ ಈ ನಂಬರ್ ಹಾಕಿದರೆ ಯಾರ ಹೆಸರು, ನೋಂದಣಿ ಜೀವಂತ ಇದೆಯಾ ರದ್ದಾಗಿದೆಯಾ ಅಂತ ಕಾಣುತ್ತದೆ, ಲಾಗಿನ್ ಕೂಡ ಬೇಡ. ಬೋರ್ಡಿನಲ್ಲಿ ಕಾಂಪೊಸಿಷನ್ (ಸಣ್ಣ ವ್ಯಾಪಾರಿಗಳಿಗಿರುವ ಸರಳ ಜಿಎಸ್‌ಟಿ ಯೋಜನೆ) ಅಂತ ಬರೆದಿದ್ದರೆ ಅವರು ಬಿಲ್ಲಿನಲ್ಲಿ ಗಿರಾಕಿಯಿಂದ ಜಿಎಸ್‌ಟಿ ಬೇರೆಯಾಗಿ ವಸೂಲಿ ಮಾಡುವಂತಿಲ್ಲ. ಇದು ಎಷ್ಟೋ ಜನರಿಗೆ ಗೊತ್ತಿಲ್ಲ. ಹಾಗಂತ ನಂಬರ್ ಇಲ್ಲದವರೆಲ್ಲ ಕಳ್ಳರಲ್ಲ. ನಮ್ಮ ರಾಜ್ಯದೊಳಗೇ ಮಾಲು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷದೊಳಗಿದ್ದರೆ ಸಾಮಾನ್ಯವಾಗಿ ನೋಂದಣಿ ಬೇಕಾಗಿಲ್ಲ, ತನ್ನ ಬೆಳೆ ಮಾರುವ ರೈತನಿಗೂ ಬೇಡ.

ಬೀದಿಬದಿ ವ್ಯಾಪಾರಿಗಳನ್ನು ಅಕ್ರಮ ಅಂತ ಕರೆಯುವ ಮೊದಲು ಒಂದು ನಿಮಿಷ ನಿಲ್ಲಿ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಇದೆ. ಸರ್ವೆ ಮಾಡಿ, ಗುರುತಿನ ಚೀಟಿ ಕೊಟ್ಟು, ಜಾಗ ತೋರಿಸಬೇಕಾದ್ದು ನಗರದ ಆಡಳಿತದ ಕೆಲಸ. ತಳ್ಳುಗಾಡಿಯಲ್ಲಿ ಚರುಮುರಿ ಮಾರುವವರು ಆ ಕಾಯ್ದೆಯ ಒಳಗೆ ಬರುವ ವ್ಯಾಪಾರಿಗಳು. ಸೀಲ್ ಇಲ್ಲದ ತಕ್ಕಡಿ ಇಟ್ಟುಕೊಂಡ ದೊಡ್ಡ ಅಂಗಡಿಯವರು ಮಾಡುವುದು ಅಕ್ರಮ.

ಹಳೆ ಮಾಲು

ಸೆಕೆಂಡ್ ಹ್ಯಾಂಡ್ ಮಾರುವವರು, ಗುಜರಿಯವರು, ಕದ್ದ ಮಾಲು ಕೊಳ್ಳುವವರು: ಈ ಮೂವರನ್ನು ಜನ ಒಂದೇ ಚೀಲಕ್ಕೆ ತುಂಬುತ್ತಾರೆ. ಗುಜರಿಯವರಿಲ್ಲದಿದ್ದರೆ ನಮ್ಮ ಊರು ಕಬ್ಬಿಣ, ಪ್ಲಾಸ್ಟಿಕ್, ಬಾಟ್ಲಿಯಲ್ಲಿ ಮುಳುಗುತ್ತಿತ್ತು. ಒಳ್ಳೆಯ ಗುಜರಿ ಅಂಗಡಿಯವರು ತಾಮ್ರದ ವಯರಿನ ಸುರುಳಿಯನ್ನೋ ದೇವಸ್ಥಾನದ ಗಂಟೆಯನ್ನೋ ತಂದವರನ್ನು "ಎಲ್ಲಿಂದ?" ಅಂತ ಕೇಳುತ್ತಾರೆ, ಹೆಸರು ಬರೆದುಕೊಳ್ಳುತ್ತಾರೆ. ಕೇಳದವರಿಂದಲೇ ಸಮಸ್ಯೆ.

ಕಾನೂನು ಇಲ್ಲಿ ಕಠಿಣ. ತನ್ನದ್ದಲ್ಲದ ಮಾಲನ್ನು ಮಾರಿದವನಿಂದ ಕೊಂಡರೆ ಸಾಮಾನ್ಯವಾಗಿ ಆ ಮಾಲು ನಿಮ್ಮದಾಗುವುದಿಲ್ಲ. 1930ರ ಸರಕು ಮಾರಾಟ ಕಾಯ್ದೆಯಿಂದಲೇ ಇರುವ ನಿಯಮ ಇದು. ನೀವು ಪೂರ್ತಿ ಹಣ ಕೊಟ್ಟಿದ್ದರೂ, ಏನೂ ಗೊತ್ತಿಲ್ಲದಿದ್ದರೂ, ನಿಜವಾದ ಒಡೆಯರು ಬಂದರೆ ವಾಪಸ್ ಕೊಡಬೇಕಾಗುತ್ತದೆ. ಕದ್ದದ್ದು ಅಂತ ಗೊತ್ತಿದ್ದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಲ್ಲಿ 3 ವರ್ಷದವರೆಗೆ ಜೈಲು. ಅದನ್ನೇ ಕಸುಬು ಮಾಡಿಕೊಂಡವರಿಗೆ ಇನ್ನೂ ಜಾಸ್ತಿ.

ಮೊಬೈಲ್ ಕೊಳ್ಳುವಾಗ *#06# ಒತ್ತಿ. 15 ಅಂಕಿಯ ಐಎಂಇಐ ನಂಬರ್ ಬರುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಕೆವೈಎಂ ಅಂತ ಟೈಪ್ ಮಾಡಿ, ಒಂದು ಜಾಗ ಬಿಟ್ಟು ಆ ನಂಬರ್ ಬರೆದು 14422ಕ್ಕೆ ಮೆಸೇಜ್ ಕಳಿಸಿ. ಫೋನ್ ಬ್ಲಾಕ್ ಆಗಿದ್ದರೆ ತಿಳಿಯುತ್ತದೆ. ಅಂಗಡಿಯವರ ಎದುರೇ ಮಾಡಿ, ಅವರ ಮುಖ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಕಾರು, ಬೈಕಿಗೆ ಎಂಪರಿವಾಹನ್ ಆ್ಯಪಿನಲ್ಲಿ ಗಾಡಿ ನಂಬರ್ ಹಾಕಿ ಬ್ಯಾಂಕ್ ಸಾಲ ಬಾಕಿ ಇದೆಯಾ ನೋಡಿ. ಮಾರುವವರು ಹೆಸರು ಬದಲಿಸುವ ಫಾರಂ 29, 30ಕ್ಕೆ ಸಹಿ ಹಾಕಿದರೆ ಮುಗಿಯಲಿಲ್ಲ. ಮಂಗಳೂರಿನ ಕೆಎ 19 ಇರಲಿ, ಉಡುಪಿಯ ಕೆಎ 20 ಇರಲಿ, ಹೆಸರು ಬದಲಾಗುವವರೆಗೆ ಗಾಡಿ ಯಾರನ್ನಾದರೂ ಗುದ್ದಿದರೆ ನೋಟಿಸು ಬರುವುದು ಹಳೆ ಒಡೆಯರ ಮನೆಗೆ. ಹಳೆ ಗಾಡಿ ಡೀಲರ್ ಅಂತ ಬೋರ್ಡ್ ಹಾಕಿದವರು 2023ರ ಏಪ್ರಿಲ್‌ನಿಂದ ಆರ್‌ಟಿಒದಿಂದ ಅಧಿಕೃತ ಪತ್ರ ಪಡೆದಿರಬೇಕು. ತೋರಿಸಿ ಅನ್ನಿ. ಪತ್ರ ಇಲ್ಲದಿದ್ದರೆ ಅವರು ಬರೀ ಬ್ರೋಕರ್ ಅಂತ ಲೆಕ್ಕ ಹಾಕಿ ಮಾತಾಡಿ.

ಬಜ್ಪೆ ವಿಮಾನ ನಿಲ್ದಾಣಕ್ಕೆ ಬರುವ ಪೊಟ್ಟಣ

ಇದನ್ನು ಗಲ್ಫಿನಲ್ಲಿರುವ ನಮ್ಮ ಹುಡುಗರು ಓದಬೇಕು. ಚಿನ್ನದ ಕಳ್ಳಸಾಗಣೆಯಲ್ಲಿ ಮಾಲು ಕಳಿಸುವವನು ಒಬ್ಬ, ಹಣ ಹಾಕಿದವನು ಇನ್ನೊಬ್ಬ, ಇಲ್ಲಿ ಕಾಯುವವನು ಮತ್ತೊಬ್ಬ. ಸಿಕ್ಕಿಬೀಳುವವನು ಕ್ಯಾರಿಯರ್. ಟಿಕೆಟ್ ಹಣ ಮತ್ತು ಸ್ವಲ್ಪ ಕೂಲಿಯ ಆಸೆಗೆ ಹೊರುವವನು. ಮೂರು ಪ್ರಶ್ನೆ ಇಲ್ಲಿ ಹಾಕಿ ನೋಡಿ: ಮಾಲು ಯಾರದ್ದು ಅಂತ ಅವನಿಗೆ ಗೊತ್ತಿಲ್ಲ, ಹಣ ಅವನದ್ದಲ್ಲ, ಚೀಟಿ ಇಲ್ಲವೇ ಇಲ್ಲ. ಆದರೆ ಕೇಸು ಅವನ ಹೆಸರಲ್ಲಿ.

"ಊರಿಗೆ ಹೋಗ್ತಿದ್ದೀಯಲ್ಲ, ಈ ಎಮರ್ಜೆನ್ಸಿ ಲೈಟ್ ನಮ್ಮ ಮನೆಯವರಿಗೆ ಕೊಟ್ಟುಬಿಡು" ಅಂತ ಪರಿಚಯದವರೇ ಕೇಳಬಹುದು. ಹಾಲಿನ ಪುಡಿ, ಟ್ಯಾಂಗ್, ಮಿಕ್ಸಿ, ಏನೇ ಇರಲಿ, ನಿಮ್ಮ ಕಣ್ಣೆದುರು ಬಿಚ್ಚಿ ತುಂಬಿಸದ ಪೊಟ್ಟಣವನ್ನು ಮುಟ್ಟಬೇಡಿ. 1962ರ ಕಸ್ಟಮ್ಸ್ ಕಾಯ್ದೆಯ 123ನೇ ಕಲಮಿನ ಪ್ರಕಾರ, ಕಳ್ಳಸಾಗಣೆಯದ್ದು ಅನ್ನುವ ಬಲವಾದ ಅನುಮಾನದಲ್ಲಿ ವಶಪಡಿಸಿಕೊಂಡ ಚಿನ್ನ ಹಾಗಲ್ಲ ಅಂತ ಸಾಬೀತು ಮಾಡಬೇಕಾದ್ದು ಯಾರ ಕೈಯಲ್ಲಿ ಸಿಕ್ಕಿತೋ ಅವರು. ದೊಡ್ಡ ಮೊತ್ತವಾದರೆ 7 ವರ್ಷದವರೆಗೂ ಶಿಕ್ಷೆ ಉಂಟು. ನಿಮ್ಮದೇ ಚಿನ್ನ ಮಿತಿಗಿಂತ ಜಾಸ್ತಿ ಇದ್ದರೆ ಹೆದರಬೇಡಿ, ಕಸ್ಟಮ್ಸ್‌ನ ಕೆಂಪು ಚಾನೆಲಿಗೆ ಹೋಗಿ ಹೇಳಿ, ಸುಂಕ ಕಟ್ಟಿ, ರಸೀದಿ ಇಟ್ಟುಕೊಳ್ಳಿ. ಆಗ ನೀವು ಸುಂಕ ಕಟ್ಟಿದ ಪ್ರಯಾಣಿಕರು, ಅಷ್ಟೇ.

ಅಂಗಡಿಯಲ್ಲಿ ಕೊಳ್ಳುವವರಿಗೆ ಒಂದು ಮಾತು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಇರುವ ಒಡವೆಗೆ 6 ಅಕ್ಷರ-ಅಂಕಿಯ ಎಚ್‌ಯುಐಡಿ, ಅಂದರೆ ಆ ಒಡವೆಯದ್ದೇ ಗುರುತಿನ ಸಂಖ್ಯೆ, ಕಡ್ಡಾಯ. ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಒಡವೆಯ ವಿವರ ಬರುತ್ತದೆ. "ಬಿಲ್ ಬೇಡ ಅಂದರೆ ಕಮ್ಮಿಗೆ ಕೊಡುತ್ತೇನೆ" ಅನ್ನುವವರು ನಿಮಗೆ ಉಪಕಾರ ಮಾಡುತ್ತಿಲ್ಲ.

ಹೊಯಿಗೆ, ರೇಷನ್ ಅಕ್ಕಿ

ಮನೆ ಕಟ್ಟಿಸುವವರು ಹೊಯಿಗೆ ತರಿಸುವಾಗ ಲಾರಿಯವರ ಹತ್ತಿರ ಪರ್ಮಿಟ್ ನೋಡಬೇಕು: ಲಾರಿ ನಂಬರ್, ತಾರೀಕು, ಹೊತ್ತು, ಎಲ್ಲಿಂದ ಎಲ್ಲಿಗೆ. ನಿನ್ನೆಯ ಪರ್ಮಿಟ್‌ನಲ್ಲಿ ಇವತ್ತು ಲೋಡ್ ಬರುತ್ತಿದ್ದರೆ ಅದು ಪರ್ಮಿಟ್ ಅಲ್ಲ. ನೇತ್ರಾವತಿ, ಫಲ್ಗುಣಿ, ಸ್ವರ್ಣೆಯ ದಡ ಕುಸಿಯುವುದು ಇಂಥ ಲೋಡುಗಳಿಂದಲೇ.

ರೇಷನ್ ಅಕ್ಕಿಯ ಕತೆ ಬೇರೆ. ನಮ್ಮವರು ಊಟ ಮಾಡುವುದು ಕುಚ್ಚಲಕ್ಕಿ, ರೇಷನ್ನಿನಲ್ಲಿ ಬರುವುದು ಹೆಚ್ಚಾಗಿ ಬೆಳ್ತಿಗೆ, ಅಂದರೆ ಬಿಳಿ ಅಕ್ಕಿ. ಬಳಕೆಯಾಗದ ಅಕ್ಕಿ ಮನೆಯಲ್ಲಿ ಉಳಿಯುತ್ತದೆ, ಅದನ್ನು ಕೇಳಿಕೊಂಡು ಸ್ಕೂಟರಿನಲ್ಲಿ ಬರುವವರು ಬರುತ್ತಾರೆ, ಒಟ್ಟು ಮಾಡಿ ದೊಡ್ಡವರಿಗೆ ಕೊಡುತ್ತಾರೆ. ಇದು ಕಾಳಸಂತೆ. 1955ರ ಅಗತ್ಯ ವಸ್ತುಗಳ ಕಾಯ್ದೆ ಇದಕ್ಕೂ ಬರುತ್ತದೆ, ಮಾರಿದ ಮನೆಯವರ ಕಾರ್ಡಿಗೂ ತೊಂದರೆಯಾಗಬಹುದು. ಕುಚ್ಚಲಕ್ಕಿಯನ್ನೇ ಕೊಡಿ ಅಂತ ನಮ್ಮ ಜಿಲ್ಲೆಯವರು ಕೇಳುತ್ತಾ ಬಂದದ್ದರಲ್ಲಿ ನ್ಯಾಯ ಇದೆ. ತಿನ್ನುವ ಅಕ್ಕಿ ಕೊಟ್ಟರೆ ಈ ಸ್ಕೂಟರಿನವರಿಗೆ ಕೆಲಸವೇ ಇರುವುದಿಲ್ಲ.

ಬೇರೆಯವರ ಬಗ್ಗೆ ಹೇಳುವಾಗ, ಬರೆಯುವಾಗ

ವಾಟ್ಸಾಪ್ ಗ್ರೂಪಿನಲ್ಲಿ ಒಂದು ಫೋಟೋ ಹಾಕಿ "ಗಾಂಜಾ ಪೆಡ್ಲರ್", "ಕಳ್ಳಸಾಗಣೆದಾರ", "ಮಾಫಿಯಾ" ಅಂತ ಬರೆಯುವುದು ಸುಲಭ. ಪೊಲೀಸರು ಹಿಡಿದ ಮಾತ್ರಕ್ಕೆ ಅವರು ಆರೋಪಿ, ಕೋರ್ಟ್ ಹೇಳಿದ ಮೇಲೆ ಅಪರಾಧಿ. ತಪ್ಪಾಗಿ ಬರೆದರೆ ಮಾನನಷ್ಟದ ಕೇಸು ನಿಮ್ಮ ಮೇಲೆ ಬರಬಹುದು. ಅದಕ್ಕಿಂತ ದೊಡ್ಡದು, ಆ ಮನೆಯ ಮಕ್ಕಳು ನಾಳೆ ಶಾಲೆಗೆ ಹೋಗಬೇಕು.

ದನದ ವಿಷಯದಲ್ಲಿ ಇದು ಇನ್ನೂ ಮುಖ್ಯ. ಹೈನಿಗೆ ದನ ಕೊಂಡು ಸಾಗಿಸುವವರೂ ಪಿಕಪ್‌ನಲ್ಲೇ ಹೋಗುತ್ತಾರೆ, ಕದ್ದವರೂ ಪಿಕಪ್‌ನಲ್ಲೇ ಹೋಗುತ್ತಾರೆ. ಯಾರು ಅಂತ ಕಾಗದ ಹೇಳಬೇಕು, ಕಾಗದ ನೋಡಬೇಕಾದ್ದು ಪೊಲೀಸರು. ಅನುಮಾನ ಬಂದರೆ 112ಕ್ಕೆ ಫೋನ್ ಮಾಡಿ ಗಾಡಿ ನಂಬರ್ ಹೇಳಿ. ರಸ್ತೆಗೆ ಅಡ್ಡ ನಿಂತು ನೀವೇ ವಿಚಾರಣೆ ಮಾಡಬೇಡಿ. ಅದು ಅಪರಾಧ, ನಮ್ಮ ಜಿಲ್ಲೆಯಲ್ಲಿ ಇದರಿಂದ ಆದ ನೋವು ಸಾಕಷ್ಟಾಯಿತು.

ಮೋಸವಾದರೆ

ಮನೆ ಬಳಕೆಗೆ ಕೊಂಡದ್ದಾದರೆ ಮೊದಲು 1915, ಗ್ರಾಹಕರ ಸಹಾಯವಾಣಿ. ಅದರಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ, ವಕೀಲರಿಲ್ಲದೆಯೂ ದೂರು ಕೊಡಬಹುದು. ಆನ್‌ಲೈನ್‌ನಲ್ಲಿ ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಫೋನ್ ಮಾಡಿ. ತಡವಾದಷ್ಟೂ ಹಣ ಬೇರೆ ಬೇರೆ ಖಾತೆಗೆ ಹಾರಿ ಹಿಡಿಯಲು ಕಷ್ಟವಾಗುತ್ತದೆ.

ಆದರೆ ಮತ್ತೆ ಮಾರಲು ಕೊಂಡದ್ದಾದರೆ ಗ್ರಾಹಕ ಕಾಯ್ದೆಯ ಲೆಕ್ಕದಲ್ಲಿ ನೀವು ಗ್ರಾಹಕರೇ ಅಲ್ಲ. ಗೂಡಂಗಡಿಯವರು ಡಿಸ್ಟ್ರಿಬ್ಯೂಟರಿಂದ ಹಾಳು ಬಿಸ್ಕತ್ತಿನ ಬಾಕ್ಸ್ ಕೊಂಡರೆ ಆಯೋಗಕ್ಕೆ ಹೋಗಿ ಪ್ರಯೋಜನವಿಲ್ಲ, ಸಿವಿಲ್ ಕೋರ್ಟಿಗೇ ಹೋಗಬೇಕು. ಅಲ್ಲಿ ಕೇಳುವುದು ಬಿಲ್, ಹಣ ಕಳಿಸಿದ ದಾಖಲೆ, ಮಾಲು ಇಳಿಸಿದ ದಿನದ ಮೆಸೇಜ್. ಸಣ್ಣ ಅಂಗಡಿಯವರು ಲೈನ್ ಸೇಲಿನವರ ಹತ್ತಿರ ಮಾತಾಡಿದ್ದನ್ನು ಅವತ್ತೇ ಒಂದು ವಾಟ್ಸಾಪ್ ಮೆಸೇಜಿನಲ್ಲಿ ಬರೆದು ಕಳಿಸಿ: "ಇವತ್ತು ಇಷ್ಟು ಬಾಕ್ಸ್ ಇಳಿಸಿದ್ದೀರಿ, ಡೇಟ್ ಮುಗಿದರೆ ವಾಪಸ್ ಅಂತ ಹೇಳಿದ್ದೀರಿ." ಅವರು "ಓಕೆ ಅಣ್ಣ" ಅಂತ ಉತ್ತರ ಕೊಟ್ಟರೆ ಅದನ್ನು ಅಳಿಸಬೇಡಿ.